ಬಿಸಿಲು ಬೇಡುವ ಬೊಂಬೆ

ಎಂಬತ್ತರ ದಶಕದ ಆರಂಭ, ನನ್ನ ಕಾಲೇಜಿನ ಕೊನೆಯ ವರ್ಷ. ನಮ್ಮ ಇಂಗ್ಲಿಷ್ ಮೇಷ್ಟ್ರು ಜಪಾನಿ ಪ್ರೇಮ ನಾಟಕವೊಂದನ್ನು ಕನ್ನಡಕ್ಕೆ ತಂದು ಆಡಿಸಿದರು. ನಾನು ನಾಯಕಿ. ಮಳೆ ನಿಂತರೆ ಮಾತ್ರ ಅವಳ ಪ್ರಿಯಕರ ಹೊಳೆ ದಾಟಿ ಬರಬಲ್ಲ. ಅದಕ್ಕೇ ಅವಳು ಬಿಳಿ ಬಟ್ಟೆಯೊಳಗೆ ಹತ್ತಿ ತುಂಬಿ, ಕುತ್ತಿಗೆಗೆ ದಾರ ಕಟ್ಟಿ, ಪುಟ್ಟ ಬೊಂಬೆಯೊಂದನ್ನು ಸೂರಿಗೆ ತೂಗುಹಾಕುತ್ತಾಳೆ. ತೆರು ತೆರು ಬೋಝು ಅಂತ ಅದರ ಹೆಸರು. ಬಿಸಿಲು ತಂದುಕೊಟ್ಟ ಮೇಲೆಯೇ ಅದಕ್ಕೆ ಕಣ್ಣು ಮೂಗು ಬರೆಯುವುದು. "ಅವನು ಬರಲಿ" ಎಂದು ನಾನು ಬೊಂಬೆಗೆ ಕೈಮುಗಿದಾಗ ಯಾರೋ ಸಿಳ್ಳೆ ಹೊಡೆದರು. ಜಪಾನಿನಲ್ಲಿ ಹಾಗೆ ಕೈಮುಗಿಯುತ್ತಾರೋ ಇಲ್ಲವೋ, ಮೇಷ್ಟ್ರಿಗೂ ಗೊತ್ತಿರಲಿಲ್ಲ.

ಪ್ರಿಯಕರನಾಗಿದ್ದವನು ಚಾಮರಾಜಪೇಟೆಯ ಹುಡುಗ. ಪರೀಕ್ಷೆ ಮುಗಿದ ಮೇಲೆ ಅವನಿಗೆ ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸ ಸಿಕ್ಕಿತು.

"ಭಾನುವಾರ ಸಂಜೆ ಬಸವನಗುಡಿಯ ಬ್ಯೂಗಲ್ ರಾಕ್ ಹತ್ರ ಬರ್ತೀಯಾ? ರಾತ್ರಿ ಟ್ರೈನಿಗೆ ಹೊರಡ್ತಿದೀನಿ. ಒಂದು ಮಾತು ಹೇಳೋದಿದೆ. ಮಳೆ ಬಂದ್ರೆ ಬೇಡ, ನೆನೀತೀಯ" ಎಂದ.

ಅವನು ಹೇಳುವುದೇನೆಂದು ನನಗೆ ಗೊತ್ತಿತ್ತು. ನಾನೇನು ಹೇಳಬೇಕೆಂಬುದೇ ತಿಳಿಯಲಿಲ್ಲ. ಹೂಂ ಅನ್ನಲೂ ಭಯ, ಊಹೂಂ ಅನ್ನಲೂ ಭಯ.

ಭಾನುವಾರ ಬೆಳಿಗ್ಗೆಯಿಂದಲೇ ಮಲ್ಲೇಶ್ವರದ ನಮ್ಮ ಮನೆಯ ಮೇಲೆ ಮೋಡ ಕವಿದಿತ್ತು. ನಾಟಕದ ಬೊಂಬೆಯನ್ನು ಹುಡುಕಿ ತಂದು ಕಿಟಕಿಯ ಹೊರಗೆ ಕಟ್ಟಿದೆ. ಊಟ ಮುಗಿಸಿ ಬರುವಷ್ಟರಲ್ಲಿ ಅಜ್ಜಿ ಕಾಡಿಗೆಯಲ್ಲಿ ಅದಕ್ಕೆ ಕಣ್ಣು, ಹುಬ್ಬು, ಗಿರಿಜಾ ಮೀಸೆ ಎಲ್ಲ ಬರೆದು ಮುಗಿಸಿದ್ದಳು.

"ಅಯ್ಯೋ ಅಜ್ಜಿ, ಈಗ್ಲೇ ಯಾಕೆ ಬರ್ದೆ?"

"ದೃಷ್ಟಿಬೊಂಬೆ ಅಂದ್ಮೇಲೆ ಕಣ್ಣು ಬೇಡ್ವೇನೆ? ಕುರುಡು ಬೊಂಬೆಗೆ ಯಾರು ಹೆದರ್ತಾರೆ?"

ಮಧ್ಯಾಹ್ನ ಮಳೆ ಧೋ ಎಂದು ಸುರಿಯತೊಡಗಿತು. ಕಾಡಿಗೆ ಕರಗಿ ಬೊಂಬೆಯ ಮುಖವೆಲ್ಲ ಕರ್ರಗಾಯಿತು. ನಾನು ಸೀರೆ ಉಟ್ಟೆ, ಬಿಚ್ಚಿದೆ, ಮತ್ತೆ ಉಟ್ಟೆ. ಛತ್ರಿ ಹಿಡಿದು ಗೇಟಿನವರೆಗೆ ಹೋಗಿ ವಾಪಸು ಬಂದೆ. ಮಳೆ ಬಂದರೆ ಬೇಡ ಎಂದಿದ್ದನಲ್ಲ! ಅಜ್ಜಿಯ ಮೇಲೆ ಕೆಟ್ಟ ಸಿಟ್ಟು ಬಂತು. ಒಳಗೊಳಗೇ ಸದ್ಯ ಬಚಾವಾದೆ ಅಂತಲೂ ಅನ್ನಿಸಿತು. ಯಾವುದು ನಿಜವೆಂದು ತಿಳಿಯದೆ ಅಡುಗೆಮನೆಯಲ್ಲಿ ಕೂತು ಅತ್ತೆ. ಅಜ್ಜಿ ಕಾಫಿ ಬೆರೆಸಿಕೊಟ್ಟಳು.

ಮರುದಿನ ಸಂಪಿಗೆ ರಸ್ತೆಯಲ್ಲಿ ಬಸವನಗುಡಿಯ ಗೆಳತಿ ಸಿಕ್ಕಳು. ನಾಟಕದಲ್ಲಿ ನನ್ನ ತಾಯಿಯಾಗಿದ್ದವಳು.

"ನಿನ್ನೆ ಯಾಕೆ ಬರ್ಲಿಲ್ವೇ? ಪಾಪ, ನಿಂಗೆ ಕಾಯ್ತಿದೀನಿ ಅಂತ ಹೇಳ್ಕೊಂಡು ಅವ್ನು ಕತ್ತಲಾಗೋವರ್ಗೂ ಬಂಡೆ ಮೇಲೆ ಕೂತಿದ್ದ."

"ಆ ಮಳೇಲಿ?"

"ಯಾವ ಮಳೆ? ನಮ್ಕಡೆ ಒಂದು ಹನೀನೂ ಬೀಳ್ಲಿಲ್ಲ. ಅಮ್ಮ ಹಪ್ಪಳ ಒಣಗಿಸ್ತಿದ್ಲು."

ಮಲ್ಲೇಶ್ವರದಲ್ಲಿ ಮೋರಿ ತುಂಬಿ ಹರಿಯುವಾಗ ಬಸವನಗುಡಿಯಲ್ಲಿ ಬಿಸಿಲಿರುವುದು ಈ ಊರಿನಲ್ಲಿ ಹೊಸದಲ್ಲ. ಆವತ್ತು ನನಗದು ಹೊಳೆಯಲೇ ಇಲ್ಲ. ಆ ಬಿಸಿಲಿನಲ್ಲಿ ಕೂತು ನನ್ನ ಉತ್ತರ ಏನೆಂದು ಅವನು ತಿಳಿದುಕೊಂಡನೋ, ಮತ್ತೆಂದೂ ನನ್ನನ್ನು ಹುಡುಕಿಕೊಂಡು ಬರಲಿಲ್ಲ.

ಬೊಂಬೆ ಕೆಲಸ ಮಾಡಿತೋ ಇಲ್ಲವೋ, ನನಗೆ ಇಂದಿಗೂ ಅರ್ಥವಾಗಿಲ್ಲ. ಕಿಟಕಿಗೆ ಕಟ್ಟುವಾಗಲೂ ನಾನು ಹೇಳಿದ್ದು ನಾಟಕದ ಅದೇ ಮಾತನ್ನು: ಅವನು ಬರಲಿ. ಅವನು ಬಂದಿದ್ದ. ನಾನು ಹೋಗಬೇಕೆಂದು ಮಾತ್ರ ಕೇಳಿಕೊಂಡಿರಲಿಲ್ಲ.