ಶಾಫ್ಟಿನ ಮೇಲೊಂದು ನೀಲಿ ಗೆರೆ

ಸೋಮವಾರ ಬೆಳಗಿನ ಆರು ಗಂಟೆ. ಕುಂದಾಪುರದಿಂದ ಬಸ್ರೂರಿಗೆ ಹೋಗುವ ರಸ್ತೆಯಲ್ಲಿ ಹಳೆಯ ಬಿಳಿ ಪಿಕಪ್ ಒಂದು ಓಡುತ್ತಿದೆ. ಹಿಂದೆ, ಖಾಲಿ ಮೀನಿನ ಕ್ರೇಟುಗಳ ನಡುವೆ, ಐವತ್ತೆಂಟು ವರ್ಷದ ಮನುಷ್ಯರೊಬ್ಬರು ಚಪ್ಪಲಿ ಕಳಚಿಟ್ಟು ಕುಕ್ಕರುಗಾಲಲ್ಲಿ ಕುಳಿತಿದ್ದಾರೆ. ಖಾಕಿ ಚಡ್ಡಿ, ಮೂಲ ಬಣ್ಣ ಯಾವುದೆಂದು ಈಗ ಹೇಳಲಾಗದ ಅಂಗಿ. ಎರಡೂ ಪಾದಗಳನ್ನು, ಒಂದು ಅಂಗೈಯನ್ನು ತಗಡಿನ ಮೇಲೆ ಊರಿದ್ದಾರೆ. ಇನ್ನೊಂದು ಕೈಯಿಂದ ಕ್ಯಾಬಿನ್ನಿನ ತಲೆಗೆ ಒಂದು ಪೆಟ್ಟು ಕೊಟ್ಟರೆ ‘ಇನ್ನೂ ಜೋರು’ ಎಂದು ಅರ್ಥ, ಎರಡು ಕೊಟ್ಟರೆ ‘ನಿಲ್ಲಿಸು’. ಹಾಲಿಗೆ ಹೊರಟವರು ತಿರುಗಿ ನೋಡುತ್ತಾರೆ. ಹೊಸಬರಾದರೆ ನಗುತ್ತಾರೆ. ಊರಿನವರು ನಗುವುದಿಲ್ಲ. ಚಂದಯ್ಯ ಗಾಡಿಯ ನಾಡಿ ನೋಡುತ್ತಿದ್ದಾರೆ ಎಂದು ಅವರಿಗೆ ಗೊತ್ತು.

ವೇಗ ಐವತ್ತು ದಾಟುತ್ತಲೇ ತಗಡು ಗುಂಯ್ ಎನ್ನತೊಡಗುತ್ತದೆ. ಒಂದು ಪೆಟ್ಟು. ಅರುವತ್ತಕ್ಕೆ ಕ್ರೇಟುಗಳೇ ಕುಣಿಯುತ್ತವೆ. ಎರಡು ಪೆಟ್ಟು. ಗಾಡಿ ನಿಲ್ಲುತ್ತದೆ, ಚಂದಯ್ಯ ಇಳಿದು ಚಾಲಕಿಯ ಕಿಟಕಿಗೆ ಬರುತ್ತಾರೆ.

“ರತ್ನ, ಇದ್ ಚಕ್ರದ್ದಲ್ಲ, ಎಂಜಿನ್ನಿದ್ದೂ ಅಲ್ಲ. ನಡುವಿಂದ ಬತ್ತಾ ಇತ್ತ್. ಗಾಡಿ ಸತ್ತಿಲ್ಲೆ ಹೆಣ್ಣೆ, ನೀನ್ ಹೆದ್ರ್‌ಬೇಡ.”

ಸ್ಟಿಯರಿಂಗ್ ಹಿಡಿದ ರತ್ನ ಗಂಟೆ ನೋಡುತ್ತಾರೆ. ಒಂಬತ್ತು ಗಂಟೆಗೆ ಅವರು ಗುಜರಿಯವನಿಗೆ ಗಾಡಿ ಕೊಡುವುದು ಹೌದೋ ಅಲ್ಲವೋ ಹೇಳಬೇಕು.

ರತ್ನ ಗಂಗೊಳ್ಳಿಯಲ್ಲಿ ಮೀನು ಹಿಡಿದು ಸಿದ್ದಾಪುರದ ಕಡೆ ಮಾರುವ ಹೆಂಗಸು. ‘ಹಿಡಿದು’ ಅಂದರೆ ಕಡಲಲ್ಲಿ ಅಲ್ಲ, ಬಂದರಿನ ಏಲಂನಲ್ಲಿ. ಇಪ್ಪತ್ತು ವರ್ಷ ಬುಟ್ಟಿ ಹೊತ್ತುಕೊಂಡು ಬಸ್ಸು ಹತ್ತಿದ್ದಾರೆ, ಕಂಡಕ್ಟರುಗಳು ಮೂಗು ಮುಚ್ಚಿಕೊಂಡದ್ದನ್ನೂ ನೋಡಿದ್ದಾರೆ. ನಲವತ್ತನೆಯ ವಯಸ್ಸಿಗೆ ಹಟ ಹಿಡಿದು ಲೈಸೆನ್ಸ್ ಮಾಡಿಸಿ, ಮೂರನೇ ಕೈ ದಾಟಿ ಬಂದ ಈ ಪಿಕಪ್ ಕೊಂಡರು. ಈಗ ಇವರ ಮೀನಿನ ಜೊತೆಗೆ ಇನ್ನೂ ಐವರು ಹೆಂಗಸರ ಕ್ರೇಟುಗಳೂ ಇದರಲ್ಲೇ ಘಟ್ಟದ ಬುಡಕ್ಕೆ ಹೋಗುತ್ತವೆ, ಆ ಐವರು ಬರಿಗೈಯಲ್ಲಿ, ತಲೆಯೆತ್ತಿಕೊಂಡು ಬಸ್ಸಿನಲ್ಲಿ ಹೋಗುತ್ತಾರೆ. ಎರಡು ವಾರದಿಂದ ಗಾಡಿ ನಡುಗುತ್ತಿದೆ. ಹೆದ್ದಾರಿ ಬದಿಯ ದೊಡ್ಡ ವರ್ಕ್‌ಶಾಪೊಂದರಲ್ಲಿ ಟೈರು ಬದಲಿಸಿದರು, ಚಕ್ರದ ಬೇರಿಂಗ್ ಬದಲಿಸಿದರು. ಆಮೇಲೆ “ಮುದಿ ಗಾಡಿ, ದಾರಿ ಮಧ್ಯೆ ಮುರಿದು ಬಿದ್ದೀತು, ಕೊಟ್ಟುಬಿಡಿ” ಎಂದು ಕೈ ತೊಳೆದುಕೊಂಡರು. ಗಾಡಿ ಹೋದರೆ ಆರು ಮಂದಿ ಮತ್ತೆ ಬುಟ್ಟಿ ಹೊರಬೇಕು.

ಸೋಮವಾರ ಈ ಕಡೆ ಮೀನು ತಿನ್ನುವವರು ಕಡಿಮೆ. ಹಾಗಾಗಿ ವ್ಯಾಪಾರಕ್ಕೆ ರಜೆ, ಚಂದಯ್ಯನವರ ಹೊಂಡಕ್ಕೆ ಮಾತ್ರ ಪುರಸೊತ್ತಿಲ್ಲದ ದಿನ.

ಹೊಂಡ ಅಂದರೆ ನಿಜವಾದ ಹೊಂಡ. ಗೇರುಬೀಜ ಕಾರ್ಖಾನೆ ದಾಟಿದ ಮೇಲೆ ಸಿಗುವ ನಾಲ್ಕು ಕಂಬದ ತಗಡಿನ ಮಾಡು, ಅದರ ನಡುವೆ ಕೆಂಪುಕಲ್ಲು ಕಟ್ಟಿದ ನಾಲ್ಕೂವರೆ ಅಡಿ ಆಳದ ಗುಂಡಿ. ಗಾಡಿ ಮೇಲೆ ನಿಲ್ಲುತ್ತದೆ, ಚಂದಯ್ಯ ಕೆಳಗಿಳಿಯುತ್ತಾರೆ. ಹತ್ತೊಂಬತ್ತು ವರ್ಷದಿಂದ ಇದೇ. ದಿನಕ್ಕೆ ಮೂರೋ ನಾಲ್ಕೋ ಗಾಡಿ, ಆರೇಳು ತಾಸು ತಲೆಯೆತ್ತಿದ ಕತ್ತು. ಮಳೆಗಾಲದಲ್ಲಿ ಕೆಲಸ ಶುರುವಾಗುವ ಮೊದಲು ನಲವತ್ತು ಕೊಡಪಾನ ನೀರು ತೋಡಿ ಹಾಕಬೇಕು. ತೋಡಿ ಮುಗಿಸುವಷ್ಟರಲ್ಲಿ ಹತ್ತು ಕೊಡಪಾನದಷ್ಟು ಮತ್ತೆ ಬಂದಿರುತ್ತದೆ. ಬೋರ್ಡು ಇಲ್ಲ, ಹೆಸರೂ ಇಲ್ಲ. ‘ಚಂದಯ್ಯನ ಹೊಂಡ’ ಅಂದರೆ ರಿಕ್ಷಾದವರು ತಂದು ಬಿಡುತ್ತಾರೆ.

ಅದಕ್ಕೂ ಮೊದಲು ಅವರು ಕಡಲ ಮೇಲಿದ್ದವರು. ಹದಿನಾರಕ್ಕೆ ಬೋಟು ಹತ್ತಿ, ಇಪ್ಪತ್ತಮೂರು ವರ್ಷ ಎಂಜಿನ್ನಿನ ಪಕ್ಕದಲ್ಲೇ ಕಳೆದರು. ಆ ಗದ್ದಲ ಅವರ ಬಲಗಿವಿಯನ್ನು ಪೂರ್ತಿ ತಿಂದುಹಾಕಿತು, ಎಡಗಿವಿಯನ್ನು ಅರ್ಧ ಉಳಿಸಿತು. ಡಾಕ್ಟರು ಇನ್ನು ಬೋಟು ಬೇಡವೆಂದರು. “ಕೆಮಿ ಕೇಳದ ಮೆಕ್ಯಾನಿಕ್ ಹತ್ರ ಯಾರ್ ಬತ್ರ್ ಹೇಳಿ? ಸುರುವಿಗೆ ಒಂದ್ ನರಪಿಳ್ಳೆ ಇಲ್ಲೆ” ಎಂದು ಚಂದಯ್ಯ ಈಗ ನಗುತ್ತಾರೆ. ಆದರೆ ಬೋಟಿನಲ್ಲಿ ಅವರು ಕಿವಿಯಿಂದ ಕಲಿತದ್ದು ಕಡಿಮೆ. ಹಲಗೆಯ ಮೇಲೆ ನಿಂತ ಕಾಲೇ ಅವರಿಗೆ ಎಲ್ಲವನ್ನೂ ಹೇಳುತ್ತಿತ್ತು. “ಬೋಟಿಗೂ ಶಾಫ್ಟೇ, ಪಿಕಪ್ಪಿಗೂ ಶಾಫ್ಟೇ. ಕೆಮಿ ಸುಳ್ ಹೇಳ್ತ್ ಮರಾಯ್ರೆ, ಕಾಲ್ ಹೇಳುದಿಲ್ಲೆ.”

ಹೆಂಡತಿ ಸರಸ ಪಕ್ಕದ ಗೇರುಬೀಜ ಕಾರ್ಖಾನೆಗೆ ಹೋಗುತ್ತಾರೆ. ಹೋಗುವ ದಾರಿಯಲ್ಲಿ ಚಹಾದ ತೂಕುಪಾತ್ರೆ ಇಟ್ಟು, ಗಂಡನ ಕಿವಿಯ ವಿಷಯ ಬಂದಾಗ ಒಂದು ಮಾತು ಸೇರಿಸುತ್ತಾರೆ: “ಇವ್ರಿಗೆ ಬೈಯುದಿದ್ರೆ ಬಲ ಬದಿಂದ ಬೈತೆ. ನಂಗೂ ಸಮಾಧಾನ, ಅವ್ರಿಗೂ ಸಮಾಧಾನ.”

ಏಳು ಗಂಟೆಗೆ ಪಿಕಪ್ ಹೊಂಡದ ಮೇಲೆ ನಿಂತಿದೆ. ಚಕ್ರಕ್ಕೆ ಕಲ್ಲು ಕೊಟ್ಟು, ಚಂದಯ್ಯ ಕೆಳಗಿಳಿದು ಶಾಫ್ಟನ್ನು ಎರಡೂ ಕೈಯಿಂದ ಎತ್ತಿ ಅಲ್ಲಾಡಿಸುತ್ತಾರೆ. ಅದು ಸಡಿಲ ಹಲ್ಲಿನಂತೆ ಅಲ್ಲಾಡುತ್ತದೆ. ಪಿಕಪ್ಪಿನ ಎಂಜಿನ್ ಮುಂದೆ, ಅದು ತಿರುಗಿಸಬೇಕಾದ ಚಕ್ರ ಹಿಂದೆ. ನಡುವೆ, ಗಾಡಿಯ ಹೊಟ್ಟೆಯಡಿ, ಉದ್ದಕ್ಕೆ ಹೋಗುವ ಕಬ್ಬಿಣದ ಕೊಳವೆ ಈ ಶಾಫ್ಟ್. ಒಂದೇ ತುಂಡಾದರೆ ಕುಣಿಯುತ್ತದೆಂದು ಎರಡು ತುಂಡು ಮಾಡಿ, ನಡುವೆ ರಬ್ಬರಿನ ಬಳೆಯೊಳಗೆ ಬೇರಿಂಗೊಂದನ್ನು ಕೂರಿಸಿ ಗಾಡಿಯ ಅಡಿಚೌಕಟ್ಟಾದ ಚಾಸಿಗೆ ತೂಗು ಹಾಕಿರುತ್ತಾರೆ. ಸೆಂಟರ್ ಬೇರಿಂಗ್ ಎನ್ನುವುದು ಇದನ್ನೇ. ಸರಿ ಇರುವಷ್ಟು ದಿನ ಯಾರಿಗೂ ಇದರ ನೆನಪಾಗುವುದಿಲ್ಲ. ಮೀನು ಗಾಡಿಗಳಲ್ಲಿ ಮಾತ್ರ ಬೇಗ ಹೋಗುತ್ತದೆ, ಕ್ರೇಟಿನಿಂದ ಸೋರುವ ಐಸು-ಉಪ್ಪಿನ ನೀರು ನೇರ ಅದರ ತಲೆ ಮೇಲೇ ಬೀಳುತ್ತದೆ. ರತ್ನ ಹೇಳಿದ್ದನ್ನು ಕೇಳಿ, ಹೀಗೇ ಆಗಿರಬೇಕೆಂದು ಊಹಿಸಿ ಚಂದಯ್ಯ ನಿನ್ನೆ ಸಂಜೆಯೇ ಕುಂದಾಪುರದ ಅಂಗಡಿಯಿಂದ ಹೊಸದೊಂದು ತಂದಿಟ್ಟಿದ್ದಾರೆ.

ಹಿಂದಿನ ನಾಲ್ಕು ಬೋಲ್ಟು, ನಡುವಿನ ಎರಡು. ತುಕ್ಕು ಹಿಡಿದ ಒಂದು ಬೋಲ್ಟು ಅರ್ಧ ಗಂಟೆ ತಿನ್ನುತ್ತದೆ. ಎಂಟು ಗಂಟೆಗೆ ಶಾಫ್ಟ್ ಗೋಣಿಯ ಮೇಲೆ ಮಲಗಿದೆ. ಸುತ್ತಿಗೆ ಮುಟ್ಟದೆ ಪುಲ್ಲರ್ ಕಚ್ಚಿಸಿ, ತಿರುಪನ್ನು ನಿಧಾನ ತಿರುಗಿಸಿ, ಅವರು ಹಳೆಯ ಬೇರಿಂಗನ್ನು ಎಳೆದು ತೆಗೆಯುತ್ತಾರೆ. ಬೆಳಕಿಗೆ ಹಿಡಿಯುತ್ತಾರೆ. ಬೆರಳಲ್ಲಿ ತಿರುಗಿಸುತ್ತಾರೆ. ಅಲ್ಲಿಗೆ ಅವರ ಮುಖ ಬದಲಾಗುತ್ತದೆ.

ಬೇರಿಂಗಿನಲ್ಲಿ ತುಕ್ಕಿಲ್ಲ. ಉಪ್ಪುನೀರು ಕೊಂದದ್ದಾದರೆ ಒಳಗೆಲ್ಲ ಕೆಂಪು ಪುಡಿ ಇರಬೇಕಿತ್ತು. ಇಲ್ಲಿ ರಬ್ಬರು ಒಂದೇ ಬದಿಗೆ ಹರಿದಿದೆ, ಯಾರೋ ದಿನಾ ಒಂದೇ ಕಡೆ ಒದ್ದ ಹಾಗೆ. ಚಂದಯ್ಯ ಶಾಫ್ಟಿನ ಪಕ್ಕ ಮಂಡಿಯೂರಿ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡುತ್ತಾರೆ. ಅದರ ಎರಡೂ ತುದಿಗೆ ಕವೆಯಂತೆ ಎರಡೆರಡು ಕಿವಿಗಳಿವೆ. ಒಂದು ತುದಿಯ ಕಿವಿಗಳು ಯಾವ ನೇರಕ್ಕಿವೆಯೋ ಇನ್ನೊಂದು ತುದಿಯವೂ ಅದೇ ನೇರಕ್ಕಿರಬೇಕು. ಎರಡು ತುಂಡು ಕೂಡುವಲ್ಲಿ ಒಂದರೊಳಗೊಂದು ಕಚ್ಚುವ ಹಲ್ಲುಗಳಿವೆ, ಇಲ್ಲಿ ಒಂದು ಹಲ್ಲಿನಷ್ಟು ತಪ್ಪಿದೆ. ಹಿಂದೆ ಯಾರೋ ಶಾಫ್ಟ್ ಬಿಚ್ಚಿದವರು ಒಂದು ಹಲ್ಲು ತಪ್ಪಿಸಿ ಕೂಡಿಸಿದ್ದಾರೆ. ಆ ತಪ್ಪನ್ನು ಈ ಬಡಪಾಯಿ ಬೇರಿಂಗು ಐದು ತಿಂಗಳು ಮೈಮೇಲೆ ಹೊತ್ತು, ಕೊನೆಗೆ ಸೋತಿದೆ.

ಹಿಂದೆ ಬಿಚ್ಚಿದವರು ಯಾರು? ಚಂದಯ್ಯನವರೇ. ಜುಲೈ ಕೊನೆಯ ವಾರ, ಮೀನುಗಾರಿಕೆಗೆ ಇದ್ದ ರಜೆ ಮುಗಿಯುತ್ತಾ ಬಂದು ಬೋಟುಗಳೆಲ್ಲ ಇಳಿಯುವ ಗಡಿಬಿಡಿ. ಇದ್ದಬದ್ದ ಮೀನು ಗಾಡಿಗಳೆಲ್ಲ ಒಟ್ಟಿಗೆ ರಿಪೇರಿಗೆ ಬಂದಿದ್ದವು. ರತ್ನ ಅವರ ಗಾಡಿಗೆ ಶಾಫ್ಟಿನ ಕಿವಿಗಳ ನಡುವೆ ಕೂರುವ ಜಾಯಿಂಟಿನ ಕ್ರಾಸ್ ಬದಲಿಸಬೇಕಿತ್ತು. ಬಿಚ್ಚುವ ಮೊದಲು ಚಂದಯ್ಯ ವಾಡಿಕೆಯಂತೆ ಎರಡೂ ತುಂಡಿನ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದಿದ್ದರು, ಕೂಡಿಸುವಾಗ ಗೆರೆಗೆ ಗೆರೆ ಕೂಡಲೆಂದು. ಸೊಂಟದವರೆಗೆ ನೀರು ತುಂಬಿದ ಹೊಂಡದಲ್ಲಿ ಚಾಕಿನ ಗೆರೆ ಎಷ್ಟು ಹೊತ್ತು ನಿಂತೀತು? ತೊಳೆದು ಹೋಗಿತ್ತು. ನಾಲ್ಕು ಗಾಡಿ ಕಾಯುತ್ತಿದ್ದವು. ಅಂದಾಜಿನಲ್ಲಿ ಕೂಡಿಸಿಬಿಟ್ಟರು.

ರತ್ನ ಹೊರಗೆ ಕಲ್ಲಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾರೆ. ಅವರಿಗೆ ಇದು ಯಾವುದೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಕಿವಿಗಳನ್ನು ನೇರ ಮಾಡಿ, ಹೊಸ ಬೇರಿಂಗ್ ಹಾಕಿ, ಎಲ್ಲ ಉಪ್ಪುನೀರಿನ ಕಾಟ ಎಂದರೆ ಮುಗಿಯಿತು. ಕೇಳುವವರಾರು? ಚಂದಯ್ಯ ಕೈ ಒರೆಸಿಕೊಳ್ಳುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

“ಹ್ವಾಯ್ ರತ್ನ, ಇಲ್ಲ್ ಬಾ. ಇದ್ ಕಾಣ್.” ಎರಡೂ ತುದಿಯನ್ನು ತೋರಿಸುತ್ತಾರೆ. “ಇದ್ ಓರೆ ಕೂತಿತ್ತ್. ಹಾಂಗಾಯಿ ಬೇರಿಂಗ್ ಹೋದ್ದ್. ಕೂರ್ಸಿದ್ದ್ ಯಾರಂತ ಕೇಂತ್ಯಾ? ನಾನೇ. ಮಳೆಗಾಲದಗೆ. ನನ್ನ ಕೈಯ ತಪ್ಪ್, ಗಾಡಿದಲ್ಲ.”

ರತ್ನ ಲೋಟ ಕೆಳಗಿಡುತ್ತಾರೆ. ಎರಡು ವಾರದ ಹೆದರಿಕೆ, ಸುಮ್ಮನೆ ಹಾಕಿಸಿದ ಟೈರುಗಳು, ಮಾರಲು ಆಡಿದ ಮಾತು ಎಲ್ಲ ಒಟ್ಟಿಗೆ ಮುಖಕ್ಕೇರುತ್ತದೆ. ಅಷ್ಟರಲ್ಲೇ ಅವರ ಫೋನ್ ಹೊಡೆದುಕೊಳ್ಳುತ್ತದೆ. ಗುಜರಿಯವನು, ಹೇಳಿದ ಹೊತ್ತಿಗಿಂತ ಹದಿನೈದು ನಿಮಿಷ ಮುಂಚೆಯೇ.

“ಒಂದ್ ಗಂಟೆ ತಡಿ ಅನ್ನ್ ಅವ್ನಿಗೆ” ಎನ್ನುತ್ತಾರೆ ಚಂದಯ್ಯ. “ಆಮೇಲೂ ನಡುಗಿರೆ ನಾನೇ ಅವ್ನಿಗೆ ಫೋನ್ ಮಾಡ್ತೆ. ನಿನ್ನ ಮೋರೆ ಕಾಂಬುಕೂ ನಾನ್ ಬತ್ತಿಲ್ಲೆ.”

ರತ್ನ ಫೋನಿಗೆ “ಒಂಚೂರ್ ತಡಿನಿ, ಹೇಳ್ತೆ” ಎಂದು ಹೇಳಿ ಇಡುತ್ತಾರೆ. ಚಂದಯ್ಯನವರ ಕಡೆ ತಿರುಗುತ್ತಾರೆ. “ಬಿಚ್ಚಿಯಾಯ್ತಲೆ ಚಂದಯ್ಯಣ್ಣ, ಮೊದ್ಲ್ ಸಮ ಮಾಡಿ ಹಾಕಿ. ಬೈಯುದ್ ಆಮೇಲೆ ಬೈತೆ. ಎಡ ಬದಿಂದಲೇ ಬೈತೆ, ಕಾಣಿ!”

ಚಂದಯ್ಯ ನಗುವುದಿಲ್ಲ, ಆದರೆ ಕೈ ಚುರುಕಾಗುತ್ತದೆ. ಹೊಸ ಬೇರಿಂಗಿಗೆ ಕಬ್ಬಿಣದ ಕೊಳವೆ ಕೊಟ್ಟು, ಓರೆಯಾಗದಂತೆ ಸುತ್ತಲೂ ಸಮ ಒತ್ತಿ ಕೂರಿಸುತ್ತಾರೆ. ಕಿವಿಗೆ ಕಿವಿ ನೇರ ಮಾಡುತ್ತಾರೆ. ಮೂರು ಸಲ ಒಂದು ಕಣ್ಣು ಮುಚ್ಚಿ ನೋಡುತ್ತಾರೆ, ನಾಲ್ಕನೇ ಸಲ ರತ್ನ ಅವರಿಂದ ನೋಡಿಸುತ್ತಾರೆ. ಆಮೇಲೆ ಮೂಲೆಯಿಂದ ಸಣ್ಣ ಡಬ್ಬಿಯೊಂದನ್ನು ತರುತ್ತಾರೆ. ಬೋಟಿಗೆ ಬಳಿದು ಉಳಿದ ನೀಲಿ ಬಣ್ಣ, ಕಡಲಿಗೇ ಜಗ್ಗದ್ದು.

“ನೀನೇ ಎಳಿ ಗೆರೆ” ಎಂದು ಕುಂಚ ಕೊಡುತ್ತಾರೆ. “ಎರಡೂ ತುಂಡಿನ ಮೇಲೆ ಒಂದೇ ಗೆರೆ ಬರ್ಲಿ. ನಾಳೆ ನೀನ್ ಬೇರೆ ಯಾರ ಹತ್ರ ಹೋದ್ರೂ, ಗೆರೆ ಕೂಡ್ಸಿ ಹಾಕಿ ಅಂತ ಹೇಳುಕೆ ನಿಂಗೆ ಗೊತ್ತಿರ್ಕ್.”

ಮೀನು ಕೊಯ್ಯುವ ಕೈ ನಡುಗದೆ ಎಳೆಯುತ್ತದೆ, ಅಂಗೈಯಗಲದ ಗೆರೆ.

ಪರೀಕ್ಷೆಗೆ ಹೊರಟಾಗ ಜಾಗ ಅದಲುಬದಲು. ಸ್ಟಿಯರಿಂಗಿಗೆ ಚಂದಯ್ಯ, ಹಿಂದೆ ರತ್ನ, ಬರಿಗಾಲಲ್ಲಿ. “ನನ್ನ ಕಾಲ್ ನಂಬ್‌ಬೇಡ ಇವತ್ತ್, ನಿಂದೇ ಊರ್” ಎಂದಿದ್ದಾರೆ ಅವರು. ಐವತ್ತಕ್ಕೆ ಕ್ಯಾಬಿನ್ನಿನ ಮೇಲೆ ಒಂದು ಪೆಟ್ಟು. ಅರುವತ್ತಕ್ಕೆ ಇನ್ನೊಂದು. ಕ್ರೇಟುಗಳು ಸುಮ್ಮನೆ ಕುಳಿತಿವೆ. ಬಸ್ರೂರಿನ ಹತ್ತಿರ ಮೂರನೆಯ ಪೆಟ್ಟು ಬೀಳುವಾಗ ಚಂದಯ್ಯನವರ ಕಣ್ಣು ತುಂಬಿಕೊಂಡಿದೆ, ಎದುರಿನ ಬಿಸಿಲಿಗೆಂಬಂತೆ ಒರೆಸಿಕೊಳ್ಳುತ್ತಾರೆ. ಹಿಂದಿನಿಂದ ರತ್ನ ಗುಜರಿಯವನಿಗೆ ಫೋನಿನಲ್ಲಿ ಹೇಳುವುದು ಅರ್ಧ ಊರಿಗೆ ಕೇಳುವಂತಿದೆ: “ಇಲ್ಲೆ ಮರಾಯ್ರೆ, ಗಾಡಿ ಕೊಡುದಿಲ್ಲೆ!”

ಬೈಗುಳ ಆಮೇಲೆ ಸಿಕ್ಕಿತು, ಒಪ್ಪಂದದಂತೆ ಎಡಗಡೆಯಿಂದ. ಕೆಲಸದ ಕೂಲಿಯನ್ನು ಚಂದಯ್ಯ ಮುಟ್ಟಲೇ ಇಲ್ಲ. ನಾಳೆ ಬಂಗುಡೆ ತಂದು ಕೊಡುತ್ತೇನೆಂದು ರತ್ನ ಹೇಳಿದ್ದಕ್ಕೆ ಬೇಡವೆಂದೂ ಅನ್ನಲಿಲ್ಲ. ನಿಮಗೆ ಏನಾಗಬೇಕು ಎಂದು ಕೇಳಿದರೆ ಅವರ ಆಸೆ ಇಷ್ಟೇ: “ಈ ಹೊಂಡದ ನೀರ್ ಹೋಪುಕೆ ಒಂದ್ ಚರಂಡಿ. ಬರೂ ಮಳೆಗಾಲದ ಒಳ್ಗೆ ನಾನೇ ಕಡಿತೆ. ಇನ್ನೊಂದ್ ಗೆರೆ ಅಳ್ಸಿ ಹೋಪುಕಾಗ.” ಚಾಕಿನ ಡಬ್ಬಿಯನ್ನು ಆಗಲೇ ಎಸೆದಿದ್ದಾರೆ.

ಮಂಗಳವಾರ ಬೆಳಿಗ್ಗೆ ಏಳೂವರೆ. ಹೊಂಡದ ಮೇಲೆ ಬೇರೊಂದು ಗಾಡಿ ನಿಂತಿದೆ. ಚಂದಯ್ಯ ಪಾನಾ ಹಿಡಿದುಕೊಂಡೇ ರಸ್ತೆ ಬದಿಗೆ ಬಂದು ನಿಂತಿದ್ದಾರೆ, ಏನೋ ಹುಡುಕಲು ಬಂದವರಂತೆ. ತಿರುವಿನಲ್ಲಿ ಬಿಳಿ ಪಿಕಪ್ ಕಾಣುತ್ತದೆ, ಆರು ಮಂದಿಯ ಕ್ರೇಟು ತುಂಬಿಕೊಂಡು. ಹಾರ್ನ್ ಇವರಿಗೆ ಸರಿಯಾಗಿ ಕೇಳುವುದಿಲ್ಲವೆಂದು ರತ್ನ ಅವರಿಗೆ ಗೊತ್ತು. ಹೆಡ್‌ಲೈಟನ್ನು ಎರಡು ಸಲ ಮಿನುಗಿಸುತ್ತಾರೆ. ತಗಡಿನ ಮಾಡಿನ ಕಂಬದಲ್ಲಿ ಮೀನಿನ ಪೊಟ್ಟಣವೊಂದು ಆಗಲೇ ತೂಗುತ್ತಿದೆ, ಯಾವುದೋ ರಿಕ್ಷಾದವನ ಕೈಲಿ ಕಳುಹಿಸಿದ್ದು. ಗಾಡಿ ವೇಗ ತಗ್ಗಿಸದೆ ಸಿದ್ದಾಪುರದ ಕಡೆ ಹೋಗಿಬಿಡುತ್ತದೆ.

ಚಂದಯ್ಯ ಅದು ಮರೆಯಾಗುವವರೆಗೆ ನೋಡುತ್ತಾರೆ. “ನಿಲ್ಸ್‌ದೇ ಹೋಯ್ತಲೆ” ಎನ್ನುತ್ತಾರೆ. “ಮೆಕ್ಯಾನಿಕ್ಕಿಗೆ ಅದೇ ಸಾಕ್ ಕಾಣಿ.”