ಅಪ್ಪನ ಗದ್ದಕ್ಕೆ ಕ್ಲಿಪ್ಪು

ಹಲ್ಲಿನ ಡಾಕ್ಟರ್ ಜೊತೆ ನಮ್ಮಮ್ಮ ಜಗಳಕ್ಕೇ ನಿಂತುಬಿಟ್ಟರು. "ಅದು ಕಾಯಿಲೆ ಅಲ್ಲ ಕಣಮ್ಮ, ನಮ್ಮ ಯಜಮಾನ್ರ ಗದ್ದ!"

ಕಳೆದ ವಾರದ ಮಾತು. ಎಂಟು ವರ್ಷದ ಮಗಳು ಅನುವನ್ನು ನಾಗಸಂದ್ರದ ಕ್ಲಿನಿಕ್ಕಿಗೆ ಕರೆದೊಯ್ದಿದ್ದೆ, ಅಮ್ಮನೂ ಜೊತೆಗಿದ್ದರು. ಹುಳುಕು ಹಲ್ಲಿದೆಯಾ ನೋಡಿ ಕಳಿಸುತ್ತಾರೆ ಅಂದುಕೊಂಡರೆ, ಡಾಕ್ಟರಮ್ಮ ಅವಳ ಮುಖವನ್ನು ಪಕ್ಕದಿಂದ ನೋಡುತ್ತಾ ಕೂತರು. "ಹಲ್ಲು ಕಚ್ಚು ಪುಟ್ಟಾ." ಕೆಳಗಿನ ಹಲ್ಲುಗಳು ಮೇಲಿನವಕ್ಕಿಂತ ಮುಂದೆ ಬಂದು ಕೂತವು. (ನಮಗೆ ಅದೇನೂ ಹೊಸದಲ್ಲ.)

"ಈಗ ದವಡೆ ಬೆಳೀತಿದೆ ಮೇಡಂ. ಈಗ್ಲೇ ಕ್ಲಿಪ್ ಹಾಕಿ ಟ್ರೀಟ್‌ಮೆಂಟ್ ಶುರು ಮಾಡಿದ್ರೆ ದಾರಿಗೆ ತರಬಹುದು. ಬಿಟ್ರೆ ಕೆಳದವಡೆ ಇನ್ನೂ ಮುಂದೆ ಬರಬಹುದು, ಮುಖದ ಆಕಾರಾನೂ ಬದಲಾಗುತ್ತೆ. ಆಮೇಲೆ ಆಪರೇಷನ್ನೇ ಬೇಕಾಗಬಹುದು."

ಅಮ್ಮ ರೇಗಿದ್ದು ಆಗಲೇ.

ರೇಗದೆ ಇನ್ನೇನು? ಮಗು ಹುಟ್ಟಿದ ಕೂಡಲೇ ಮೂಗು ಯಾರದು, ಹಣೆ ಯಾರದು ಎಂದು ಪಾಲು ಹಂಚಿಕೊಳ್ಳುವ ಜನ ನಾವು. ಅನುವಿನ ಮೂಗು, ಹಣೆ ಎರಡನ್ನೂ ನನ್ನ ಅತ್ತೆ ಮನೆಯವರು ಎತ್ತಿಕೊಂಡರು. ಹಲ್ಲು ಬಂದ ಮೇಲೆ ಗದ್ದವೊಂದೇ ನಮ್ಮ ಪಾಲಿಗೆ ಬಂತು. ಪೀಣ್ಯದ ಫ್ಯಾಕ್ಟರಿಯಲ್ಲಿ ದುಡಿದು, ಮೊಮ್ಮಗಳನ್ನು ನೋಡದೆಯೇ ಹೋಗಿಬಿಟ್ಟ ನನ್ನಪ್ಪನ ಗದ್ದ ಅದು. ಅನು ಮುನಿಸಿಕೊಂಡು ಗದ್ದ ಮುಂದೆ ಮಾಡಿದರೆ ನಾನು ಬೇಕೆಂದೇ ಇನ್ನಷ್ಟು ರೇಗಿಸುತ್ತೇನೆ. ಒಂದು ಗಳಿಗೆ ಅಪ್ಪ ಬಂದು ಹೋಗುತ್ತಾರೆ. ಅದಕ್ಕೆ ಕ್ಲಿಪ್ ಹಾಕಿಸಬೇಕಂತೆ!

"ವಂಶದಿಂದ್ಲೇ ಬಂದಿರಬಹುದಮ್ಮಾ," ಡಾಕ್ಟರ್ ಮೆತ್ತಗೆ ಅಂದರು. "ಆದ್ರೆ ಅವರಿಗೆ ತಿನ್ನೋಕೆ ಕಷ್ಟ ಆಗ್ತಿರ್ಲಿಲ್ವಾ?"

ಅಮ್ಮ ನನ್ನತ್ತ ತಿರುಗಿದರು. ಅಪ್ಪ ಸೀಬೆಹಣ್ಣನ್ನು ಕಚ್ಚಿ ತಿಂದದ್ದನ್ನು ನಾವ್ಯಾರೂ ನೋಡಿಲ್ಲ. ಚಾಕುವಿನಲ್ಲಿ ತೆಳ್ಳಗೆ ಹೆಚ್ಚಿ, ಒಂದೊಂದೇ ಹೋಳನ್ನು ದವಡೆಹಲ್ಲಿಗೆ ಇಟ್ಟುಕೊಳ್ಳುತ್ತಿದ್ದರು. ಅದನ್ನು ನಾವು ಅಪ್ಪನ ಶೋಕಿ ಅಂದುಕೊಂಡಿದ್ದೆವು.

ವಾಪಸ್ ಬರುವಾಗ ಮೆಟ್ರೋ ಸ್ಟೇಷನ್ ಕೆಳಗೆ ಸೀಬೆಹಣ್ಣಿನ ಗಾಡಿ ಸಿಕ್ಕಿತು. ಅಮ್ಮ ಒಂದನ್ನು ಆರಿಸಿ ಅನುವಿನ ಕೈಗಿಟ್ಟರು. ಅವಳು ಕಚ್ಚಿ ನೋಡಿದಳು. ಸಿಪ್ಪೆ ಮೇಲೆ ಗೀರು ಬಿತ್ತು, ಅಷ್ಟೇ.

"ಕಟ್ ಮಾಡಿಸ್ಕೊಡು ಅಜ್ಜಿ."

ಅಮ್ಮ ಆ ಹಣ್ಣನ್ನೇ ನೋಡುತ್ತಾ ನಿಂತರು. ಆಮೇಲೆ ನನಗಂದರು: "ಹಾಕಿಸ್ಬಿಡೇ ಆ ಕ್ಲಿಪ್ಪು. ಅವರಂತೂ ಕಚ್ಚಿ ತಿನ್ಲಿಲ್ಲ. ಇವಳಾದ್ರೂ ತಿನ್ಲಿ."

ಸೋಮವಾರ ಕ್ಲಿಪ್ಪಿಗೆ ಅಳತೆ ತೆಗೆಯುತ್ತಾರೆ. ಎಲ್ಲ ಸರಿಯಾಗಲಿ ಎಂದು ದೇವರಿಗೂ ಕೈಮುಗಿದಿದ್ದೇನೆ. ಆದರೂ ಈ ವಾರವೆಲ್ಲ ಮಗಳನ್ನು ಸುಮ್ಮಸುಮ್ಮನೆ ರೇಗಿಸುತ್ತಿದ್ದೇನೆ.

ಗದ್ದ ನೆಟ್ಟಗಾದ ಮೇಲೆ ಅಪ್ಪನನ್ನು ಎಲ್ಲಿ ನೋಡಲಿ, ನೀವೇ ಹೇಳಿ?