ಓಲೆಗರಿಗೆ ಬಟ್ಟೆ ಹೊಲಿಯುವ ಸೊಣ್ಣಮ್ಮ

ತ್ಯಾಗರಾಜನಗರದ ಹಿಂದಿನ ಬೀದಿಗೆ ಹಾಲಿನ ಗಾಡಿ ಬರುವ ಮುಂಚೆಯೇ ಸೊಣ್ಣಮ್ಮ ನಲ್ಲಿಯ ಮುಂದೆ ಕೂತಿರುತ್ತಾರೆ. ಬಕೆಟ್ಟಿನಲ್ಲಿ ಕೆಂಪು ಹತ್ತಿಬಟ್ಟೆ. ಹಿಂಡುತ್ತಾರೆ, ಕೆಂಪು ನೀರು ಚೆಲ್ಲುತ್ತಾರೆ, ಮತ್ತೆ ನೆನೆಸುತ್ತಾರೆ. ಹೊಸ ಬಟ್ಟೆಯನ್ನು ಹಳೇದು ಮಾಡಿ ಹೊಲಿಯುವವರು ಬೆಂಗಳೂರಿನಲ್ಲಿ ಇವರೊಬ್ಬರೇ ಎಂದು ಪಕ್ಕದ ಮನೆಯವರು ನಗುತ್ತಾರೆ.

ಹಗಲೆಲ್ಲ ಸೀರೆಗೆ ಫಾಲ್ ಹಾಕುವುದು, ಬ್ಲೌಸಿಗೆ ಹುಕ್ ಹಚ್ಚುವುದು. ಗಂಡ ತೀರಿಕೊಂಡ ಮೇಲೆ ಮನೆ ನಡೆಸಿದ್ದು ಈ ಹೊಲಿಗೆ ಮಷಿನ್ನೇ. ಅದರ ನಡುವೆ, ಕನಕಪುರ ರಸ್ತೆಯಾಚೆಯ ಮಠವೊಂದರ ಗ್ರಂಥಭಂಡಾರಕ್ಕೆ ಓಲೆಗರಿ ಸುತ್ತಿಡುವ ಬಟ್ಟೆ ಹೊಲಿದು ಕಳಿಸುತ್ತಾರೆ. ಗ್ರಂಥಕ್ಕೆ ಕೈಮುಗಿಯುವವರು ಬಟ್ಟೆ ಹೊಲಿದವರು ಯಾರೆಂದು ಯಾಕಾದರೂ ಕೇಳುತ್ತಾರೆ?

ಆ ಬಟ್ಟೆಯೊಳಗೆ ಇರುವುದನ್ನು ಸೊಣ್ಣಮ್ಮ ನೋಡಿದ್ದು ಒಂದೇ ಸಲ, ಎರಡು ವರ್ಷದ ಹಿಂದೆ. ಭಾಗವತದ ಹಳೆಯ ಪ್ರತಿಯನ್ನು ದರ್ಶನಕ್ಕೆ ಇಡುತ್ತಾರೆಂದು ತಿಳಿದು, ಅಂಜನಾಪುರದ ಗೆಳತಿ ಸಪ್ಪಲಮ್ಮನವರನ್ನು ಹೊರಡಿಸಿಕೊಂಡು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ತಮ್ಮ ಹೊಲಿಗೆಯದೇ ಜಂಬ, ಕಂಡಕ್ಟರಿಗೂ ಹೇಳಿಯಾಯಿತು. ಭಂಡಾರ ನೋಡಿಕೊಳ್ಳುವ ಬದರಿನಾಥರು ಎಲ್ಲರೆದುರು ಗಂಟು ಬಿಚ್ಚಿದರು. ಗರಿಗಳ ಅಂಚಿನುದ್ದಕ್ಕೂ ಕೆಂಪು ಕಲೆ. ಗರಿ ಕೆಡದಂತೆ ಹಚ್ಚಿದ್ದ ಎಣ್ಣೆಗೆ ಬಟ್ಟೆ ಬಣ್ಣ ಬಿಟ್ಟಿತ್ತು.

ಚೆನ್ನಾಗಿ ಒಗೆದು ಹೊಲಿಯಿರಿ ಎಂದು ಬದರಿನಾಥರು ಮೊದಲೇ ಹೇಳಿದ್ದರು. ಸೊಣ್ಣಮ್ಮ ಒಗೆದಿರಲಿಲ್ಲ. ಸೋಮಾರಿತನದಿಂದಲ್ಲ.

"ದೇವ್ರಿಗೆ ನೀರು ಮುಟ್ಟದ ಹೊಸ ಬಟ್ಟೇನೇ ಉಡಿಸ್ಬೇಕು ಅಂತ ನಮ್ಮಮ್ಮ ಹೇಳ್ತಿದ್ಳು ಮೇಡಂ. ಇದೂ ದೇವ್ರೇ ಅಲ್ವಾ? ಒಗೆದಿದ್ದು ಕೊಡಕ್ಕೆ ಮನಸ್ಸು ಬರ್ಲಿಲ್ಲ" ಎಂದು ಈಗ ನನ್ನೆದುರು ಕೂತು ಹೇಳುತ್ತಾರೆ.

ಅವತ್ತು ಬದರಿನಾಥರು, ಬಣ್ಣ ಬಿಡುವ ಬಟ್ಟೆ ಕೊಟ್ಟನೆಂದು ಬಟ್ಟೆ ಅಂಗಡಿಯವನನ್ನು ಬೈಯತೊಡಗಿದರು. ಸಪ್ಪಲಮ್ಮ ಕೈ ಚಿವುಟಿ, "ಸುಮ್ನಿರು, ಕೆಲ್ಸ ಹೋಗುತ್ತೆ" ಎಂದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೇಟಿನ ತನಕ ಹೋದ ಸೊಣ್ಣಮ್ಮನಿಗೆ ಮುಂದೆ ಕಾಲು ಬರಲಿಲ್ಲ. ವಾಪಸು ಬಂದು ತಪ್ಪು ಒಪ್ಪಿಕೊಂಡರು. ಬದರಿನಾಥರು ರೇಗಲಿಲ್ಲ, ಅಕ್ಷರಕ್ಕೆ ತಾಗಿಲ್ಲ, ಆದರೆ ಕಲೆ ಇನ್ನು ಹೋಗುವುದಿಲ್ಲ ಎಂದಷ್ಟೇ ಹೇಳಿದರು. ನಾಲ್ಕು ಮಾತು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬಸ್ಸಿನಲ್ಲಿ ಗೆಳತಿಯ ಮುಖ ನೋಡಲೂ ನಾಚಿಕೆಯಾಗಿ, ಸೊಣ್ಣಮ್ಮ ಕಿಟಕಿ ಕಡೆ ತಿರುಗಿ ಕೂತೇ ಊರು ಸೇರಿದರು.

ಕೆಲಸ ಹೋಗಲಿಲ್ಲ. ಮಠದಿಂದ ಮತ್ತೆ ಬಟ್ಟೆ ಬರುತ್ತಿದೆ. ಹೋದ ವರ್ಷದ ದರ್ಶನಕ್ಕೂ ಸಪ್ಪಲಮ್ಮ ಕರೆದಿದ್ದರು. ಯಾವ ಮುಖ ಹೊತ್ತುಕೊಂಡು ಬರಲಿ ಎಂದು ಸೊಣ್ಣಮ್ಮ ಹೋಗಲಿಲ್ಲ.

ಮಾತಾಡುತ್ತಲೇ ಅವರು ಟ್ರಂಕಿನಿಂದ ಒಂದು ಬಿಳಿ ಸೀರೆ ತೆಗೆಯುತ್ತಾರೆ. ಮದುವೆಯಲ್ಲಿ ಉಟ್ಟ ಧಾರೆ ಸೀರೆ. ಅದರ ಸೆರಗಿಗೆ ಎಣ್ಣೆ ಸವರಿ, ಒಗೆದು ಒಣಗಿಸಿದ ಕೆಂಪು ಬಟ್ಟೆಯನ್ನು ಅದರೊಳಗೆ ಸುತ್ತಿ, ಮೇಲೆ ರುಬ್ಬುವ ಗುಂಡುಕಲ್ಲು ಹೇರುತ್ತಾರೆ. ಬಣ್ಣ ಬಿಟ್ಟರೆ ಮತ್ತೆ ನಲ್ಲಿಗೆ. ಬಿಡದಿದ್ದರೆ ಮಾತ್ರ ಮಷಿನ್ನಿಗೆ. ಸೆರಗಿನ ತುಂಬ ಆಗಲೇ ಕೆಂಪು ಮಚ್ಚೆಗಳಿವೆ. ಇಷ್ಟು ಒಳ್ಳೆಯ ಸೀರೆಯನ್ನು ಯಾಕೆ ಹಾಳು ಮಾಡುತ್ತೀರಿ ಎಂದು ಕೇಳಿದರೆ, ಸೊಣ್ಣಮ್ಮ ಕಲ್ಲನ್ನು ಇನ್ನಷ್ಟು ಒತ್ತಿ ಕೂರಿಸುತ್ತಾರೆ.

"ಕಲೆ ಬೀಳೋದಿದ್ರೆ ಇಲ್ಲೇ ಬಿದ್ದು ಹೋಗ್ಲಿ ಮೇಡಂ."